ಡ್ರೈವರ್ ಹೊರಗೆ ಹೆಂಗೆ ಬರ್ತಾನೆ?

ನಾವು ನಾಲ್ಕು ಜನ. ಚನ್ನಗಿರಿಯವನು, ನ್ಯಾಮತಿಯವನು, ಜಗಳೂರಿನವಳು, ಹೊನ್ನಾಳಿಯ ನಾನು. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುವಾಗ ಒಬ್ಬರನ್ನೊಬ್ಬರು ಊರ ಹೆಸರು ಹಿಡಿದೇ ಕರೀತಿದ್ವಿ. ಈಗ ಬೆಂಗಳೂರಲ್ಲಿ ಒಬ್ಬೊಬ್ಬರ ಆಫೀಸು ಒಂದೊಂದು ದಿಕ್ಕಿಗಿದ್ದರೂ ಕರೆಯೋದು ಹಂಗೇ. ತಿಂಗಳಿಗೊಂದು ಶನಿವಾರ ಯಾರದಾದರೂ ಮನೆಯ ಡೈನಿಂಗ್ ಟೇಬಲ್ ಮೇಲೆ ಹಸಿರು ಬಟ್ಟೆ ಹಾಸಿ ಯುದ್ಧ ಮಾಡ್ತೀವಿ. ಪುಟ್ಟ ಪುಟ್ಟ ಟ್ಯಾಂಕು, ಜೀಪು, ದಾಳ, ಅಳತೆ ಟೇಪು. ಅಮ್ಮನ ಪ್ರಕಾರ ಮೂವತ್ತು ದಾಟಿದ ಕತ್ತೆಗಳ ಗೊಂಬೆ ಆಟ. ತಪ್ಪೇನಿಲ್ಲ.

ಕಳೆದ ದೀಪಾವಳಿಗೆ ಹೊನ್ನಾಳಿಯ ನಮ್ಮನೇಲಿ ಸೇರೋದು ಅಂತಾಯ್ತು. ಷರತ್ತು ಒಂದೇ: ಪ್ರತಿಯೊಬ್ಬರೂ ಒಂದು ವಾಹನ ತರಬೇಕು, ಅದಕ್ಕೊಂದು ಭಂಗಿ ಕೊಟ್ಟಿರಬೇಕು, ಬೇಸಿಗೆ ಸ್ವಂತ ತಾಲ್ಲೂಕಿನ ಮಣ್ಣೇ ಹಾಕಿರಬೇಕು. ಉಳಿದವರದ್ದನ್ನು ವಿಮರ್ಶೆ ಮಾಡೋ ಹಕ್ಕು ಎಲ್ಲರಿಗೂ ಇದೆ. ಆ ಹಕ್ಕು ಚಲಾಯಿಸೋಕೆ ಈ ಬರಹ. ಚಲಾಯಿಸಿದ ಮೇಲೆ ನನಗೇನಾಯ್ತು ಅನ್ನೋದೂ ಇದರಲ್ಲೇ ಬರುತ್ತೆ.

ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಟೇಬಲ್ ಮೇಲೆ ಯುದ್ಧ ಆಡೋದು ಹೊಸದೇನಲ್ಲ. 1824ರಲ್ಲಿ ಪ್ರಶ್ಯದ ಸೇನೆಗೆ ರೈಸ್‌ವಿಟ್ಜ್ ಅನ್ನೋ ಅಧಿಕಾರಿ ನಕ್ಷೆ ಮೇಲೆ ಆಡೋ ಆಟವನ್ನ ಕೊಟ್ಟ. 1913ರಲ್ಲಿ ಎಚ್. ಜಿ. ವೆಲ್ಸ್ 'ಲಿಟಲ್ ವಾರ್ಸ್' ಅಂತ ಪುಸ್ತಕ ಬರೆದು ಮನೆಯ ನೆಲದ ಮೇಲೆ ಆಟದ ಸೈನಿಕರನ್ನ ನಿಲ್ಲಿಸಿ ಸ್ಪ್ರಿಂಗ್ ಫಿರಂಗೀಲಿ ಹೊಡೆಯೋದಕ್ಕೆ ನಿಯಮ ಮಾಡಿದ. ಇದರಲ್ಲಿ ಗಮನಿಸಬೇಕಾದ ವಿಷಯ ಇಷ್ಟೇ: ರೈಸ್‌ವಿಟ್ಜ್‌ನ ಆಟದಲ್ಲಿ ಇದ್ದದ್ದು ಬರೀ ಪುಟ್ಟ ತುಂಡುಗಳು. ಅದಕ್ಕೆ ಮುಖ ಇಲ್ಲ, ಭಂಗಿ ಇಲ್ಲ, ಆದರೂ ಆಟ ನಡೀತಿತ್ತು. ಅಂದರೆ ಆಟಕ್ಕೆ ಭಂಗಿ ಬೇಕಾಗೇ ಇಲ್ಲ. ಟ್ಯಾಂಕಿನ ಬದಲು ಬೆಂಕಿಪೊಟ್ಟಣ ಇಟ್ಟರೂ ದಾಳ ಉರುಳುತ್ತೆ. ಹಂಗಿದ್ದೂ ನಾವು ಮೂರು ರಾತ್ರಿ ಕೂತು ಗನ್ನನ್ನ ಯಾವ ಕೋನಕ್ಕೆ ತಿರುಗಿಸಬೇಕು ಅಂತ ತಲೆ ಕೆಡಿಸ್ಕೋತೀವಿ. ಬೇಕಾಗಿಲ್ಲದಿದ್ದರೂ ಮಾಡ್ತೀವಲ್ಲ, ನಾವು ಯುದ್ಧವನ್ನ ಏನಂತ ತಿಳ್ಕೊಂಡಿದೀವಿ ಅನ್ನೋದು ಅಲ್ಲೇ ಬಾಯಿಬಿಡುತ್ತೆ.

ಇನ್ನೊಂದು ಲೆಕ್ಕ. ನಾವು ಆಡೋದು ನೂರಕ್ಕೊಂದರ ಅಳತೇಲಿ. ನಿಜವಾದ ನೂರು ಮೀಟರು ನಮ್ಮಲ್ಲಿ ಒಂದು ಮೀಟರು. ಆರು ಅಡಿ ಟೇಬಲ್ ಅಂದರೆ ಸುಮಾರು 180 ಮೀಟರ್, ನಮ್ಮ ಬೀದಿಯ ಈ ತುದಿಯಿಂದ ಆ ತುದಿ. ಕಿಲೋಮೀಟರ್ ದೂರದಿಂದ ಹೊಡೆಯೋ ಟ್ಯಾಂಕುಗಳನ್ನ ನಾವು ಮೂತಿಗೆ ಮೂತಿ ತಾಗಿಸಿ ನಿಲ್ಲಿಸ್ತೀವಿ. ದೂರ ಅನ್ನೋದನ್ನ ಟೇಬಲ್ ತೋರಿಸಲಾರದು. ಹಾಗಾಗಿ ನೆಲ ಹೇಗಿದೆ, ಭಾರ ಎಷ್ಟು, ಯಾರು ಯಾರನ್ನ ನೋಡ್ತಿದಾರೆ, ಇದನ್ನೆಲ್ಲ ಹೇಳೋ ಕೆಲಸ ಭಂಗಿಯ ತಲೆ ಮೇಲೆ ಬೀಳುತ್ತೆ.

ಮೊದಲು ಚನ್ನಗಿರಿಯವನದ್ದು. ಟಿ-55 ಟ್ಯಾಂಕು. ಬಣ್ಣ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಸೂಳೆಕೆರೆ ಅಂಚಿನ ಗೋಡು ತಂದು, ಒಣಗಿಸಿ, ಅಮ್ಮನ ಟೀ ಸೋಸೋ ಜಾಲರೀಲಿ ಜರಡಿ ಹಿಡಿದು, ಫೆವಿಕಾಲ್ ಮೇಲೆ ಉದುರಿಸಿದಾನೆ. ನೂರಕ್ಕೊಂದರ ಅಳತೇಲಿ ಸಾಮಾನ್ಯ ಮರಳಿನ ಕಾಳು ಬಂಡೆ ಥರ ಕಾಣುತ್ತೆ. ಕೆರೆಯ ಗೋಡು ಮಾತ್ರ ನುಣ್ಣಗೆ, ನೆಲದ ಥರಾನೇ ಕೂರುತ್ತೆ. ಹಳೇ ಇಂಗ್ಲಿಷ್ ಗೆಜೆಟಿಯರುಗಳಲ್ಲಿ ನಮ್ಮ ಕೆರೆಗಳನ್ನ ಟ್ಯಾಂಕ್ ಅಂತಾನೇ ಬರೆದಿರೋದ್ರಿಂದ 'ಟ್ಯಾಂಕ್ ಮೇಲೆ ಟ್ಯಾಂಕ್' ಅನ್ನೋ ಜೋಕನ್ನ ಅವನು ದಾರಿಯುದ್ದಕ್ಕೂ ನಾಲ್ಕು ಸಲ ಹೇಳಿದ.

ಆದರೆ ಭಂಗಿ? ಗನ್ ನೆಟ್ಟಗೆ ಮುಂದಕ್ಕೆ, ಎಷ್ಟು ಮೇಲೆತ್ತೋಕೆ ಸಾಧ್ಯವೋ ಅಷ್ಟು ಮೇಲೆ. ಮುಚ್ಚಳ ಎಲ್ಲ ಮುಚ್ಚಿವೆ. ಸಮತಟ್ಟಾದ ನೆಲ, ಹಿಂದೊಂದು ಬಾವುಟ. ಇದು ಯುದ್ಧದ ಟ್ಯಾಂಕಲ್ಲ, ಸರ್ಕಲ್ಲಿನ ಟ್ಯಾಂಕು. ನಮ್ಮಲ್ಲಿ ಹೆಚ್ಚಿನವರು ಟ್ಯಾಂಕ್ ನೋಡಿರೋದೇ ಹಾಗೆ. ಮಡಿಕೇರಿಯ ಜನರಲ್ ತಿಮ್ಮಯ್ಯ ಮ್ಯೂಸಿಯಂ ಅಂಗಳದಲ್ಲಿ ನೋಡಿರ್ತೀವಿ, ಇಲ್ಲಾ ಅಹ್ಮದ್‌ನಗರದ ಟ್ಯಾಂಕ್ ಮ್ಯೂಸಿಯಂನಲ್ಲಿ. ಕಾರವಾರದ ಬೀಚಲ್ಲಿ ಐಎನ್‌ಎಸ್ ಚಪಲ್ ಅನ್ನೋ ಯುದ್ಧನೌಕೆಯನ್ನೇ ದಡಕ್ಕೆ ತಂದು ಕೂರಿಸಿದಾರೆ. ಅವಕ್ಕೆಲ್ಲ ಆ ಭಂಗಿ ಸರಿ. ಅವು ಕೆಲಸ ಮುಗಿಸಿ ನಿವೃತ್ತಿ ಆದವು, ಮಕ್ಕಳು ಹತ್ತಿ ಫೋಟೋ ತೆಗೆಸ್ಕೊಳ್ಳೋಕೆ ನಿಂತಿರೋವು. ಆದರೆ ಟೇಬಲ್ ಮೇಲೆ ಇನ್ನರ್ಧ ಗಂಟೇಲಿ ಹೊಡೆದಾಡೋಕೆ ಹೊರಟ ಟ್ಯಾಂಕು ಈಗಲೇ ಸ್ಮಾರಕ ಆಗಿ ನಿಂತರೆ ಹೆಂಗೆ?

ಹೊನ್ನಾಳಿ, ಚನ್ನಗಿರಿ ಕಡೆ ಓಡಾಡಿದವರಿಗೆ ವೀರಗಲ್ಲು ಗೊತ್ತು. ಬಿ. ಎಲ್. ರೈಸ್ 1902ರಲ್ಲಿ ತಂದ ಎಪಿಗ್ರಾಫಿಯ ಕರ್ನಾಟಿಕದ ಏಳನೇ ಸಂಪುಟದಲ್ಲಿ ಈ ಎರಡೂ ತಾಲ್ಲೂಕಿನ ಶಾಸನಗಳಿವೆ. ಆಗ ಇವು ಶಿವಮೊಗ್ಗ ಜಿಲ್ಲೆ, ನ್ಯಾಮತಿ ಹೊನ್ನಾಳಿಯ ಒಳಗೇ ಇತ್ತು. ವೀರಗಲ್ಲಲ್ಲಿ ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಹೊಡೆದಾಟ, ನಡುವೆ ಅಪ್ಸರೆಯರು ಸತ್ತವನನ್ನ ಕರ್ಕೊಂಡು ಹೋಗೋದು, ಮೇಲೆ ಲಿಂಗದ ಮುಂದೆ ಅವನು ಕೂತಿರೋದು. ಶಿಲ್ಪಿ ಗೌರವ ಕೊಡೋಕೆ ಮೇಲಿನ ಅಂತಸ್ತು ಇಟ್ಟುಕೊಂಡ. ಹಾಗಂತ ಕೆಳಗಿನದನ್ನ ಬಿಡಲಿಲ್ಲ. ದನ ಎಲ್ಲಿದ್ದವು, ಯಾರು ಯಾವ ಕಡೆಯಿಂದ ಬಂದರು, ಎಷ್ಟೋ ಕಲ್ಲುಗಳಲ್ಲಿ ಅದನ್ನೂ ಕೆತ್ತಿದಾನೆ. ಚನ್ನಗಿರಿಯವನ ಟ್ಯಾಂಕು ಸೀದಾ ಮೇಲಿನ ಅಂತಸ್ತಿಗೇ ಹೋಗಿ ಕೂತಿದೆ. ಇದನ್ನ ಹೇಳಿದಾಗ ಅವನು, "ನೀನು ಟ್ಯಾಂಕ್ ನೋಡೋಕೆ ಬಂದಿದೀಯಾ, ಇತಿಹಾಸ ಪಾಠ ಮಾಡೋಕಾ?" ಅಂದ. ಎರಡಕ್ಕೂ, ಮಾರಾಯ.

ನ್ಯಾಮತಿಯವನದ್ದು ಬೇರೆ ಕಾಯಿಲೆ. ಸೆಂಚೂರಿಯನ್ ಟ್ಯಾಂಕು, ಎಂ-ಸೀಲಲ್ಲಿ ಮಾಡಿದ ಬಂಡೆ ಮೇಲಿಂದ ನೆಗೆಯುತ್ತಾ ಇದೆ! ಮುಂದಿನ ಅರ್ಧ ಗಾಳೀಲಿ. ಮೇಲೆ ಕಮಾಂಡರ್ ಸೊಂಟದವರೆಗೂ ಹೊರಗೆ ಬಂದು ಕೈ ನೀಡಿ ದಿಗಂತ ತೋರಿಸ್ತಿದಾನೆ. ಈ ಭಂಗಿ ಬಂದಿರೋದು ಪೆಟ್ಟಿಗೆ ಮೇಲಿನ ಚಿತ್ರದಿಂದ. ಏರ್‌ಫಿಕ್ಸ್ ಕಂಪನಿಗೆ ರಾಯ್ ಕ್ರಾಸ್ ಥರದ ಕಲಾವಿದರು ಬರೆದ ಚಿತ್ರಗಳಲ್ಲಿ ಬೆಂಕಿ, ಹೊಗೆ, ಓಟ ಎಲ್ಲ ಒಂದೇ ಕ್ಷಣದಲ್ಲಿ ಇರುತ್ತೆ. ಅಂಗಡೀಲಿ ಹುಡುಗನ ಕೈ ಆ ಪೆಟ್ಟಿಗೆಗೇ ಹೋಗಬೇಕಲ್ಲ. ಚಿತ್ರಕ್ಕೆ ಅದು ತಪ್ಪಲ್ಲ. ಈಗ ಟಿವಿ ಸ್ಟುಡಿಯೋದಲ್ಲಿ ಆ್ಯಂಕರ್ ಪಕ್ಕದಲ್ಲೇ ಓಡೋ ಗ್ರಾಫಿಕ್ಸ್ ಟ್ಯಾಂಕೂ ಅದೇ ಚಿತ್ರದ ಮೊಮ್ಮಗ.

ಆದರೆ ಸೆಂಚೂರಿಯನ್ 50 ಟನ್ ಮೇಲಿನ ಗಾಡಿ. ರಸ್ತೆ ಮೇಲೇ ಅದರ ವೇಗ ಗಂಟೆಗೆ ಹೆಚ್ಚೆಂದರೆ 35 ಕಿಲೋಮೀಟರ್. ನ್ಯಾಮತಿ ರಸ್ತೇಲಿ ಮೆಕ್ಕೆಜೋಳ ತುಂಬಿದ ಟ್ರ್ಯಾಕ್ಟರ್ ಹೋಗುತ್ತಲ್ಲ, ಹೆಚ್ಚೂಕಮ್ಮಿ ಅಷ್ಟು. ಅದು ನೆಗೆಯಲ್ಲ. ಬಂಡೆ ಸಿಕ್ಕರೆ ನಿಧಾನಕ್ಕೆ ಹತ್ತಿ, ಮೂತಿ ಕೆಳಗೆ ಹಾಕಿ, ಇಳಿಯುತ್ತೆ. ಚೈನು ಹೇಗಿರುತ್ತೆ ಅಂತ ನೋಡಬೇಕಾದರೆ ಯೂಟ್ಯೂಬೂ ಬೇಡ. ಬೇಸಿಗೇಲಿ ಕೆರೆ ಹೂಳೆತ್ತೋ ಹಿಟಾಚಿ ಪಕ್ಕ ಹತ್ತು ನಿಮಿಷ ನಿಂತರೆ ಸಾಕು. ಮೇಲಿನ ಚೈನು ಸ್ವಲ್ಪ ಜೋತು ಬಿದ್ದಿರುತ್ತೆ. ಕೆಳಗಿನದು ನೆಲದ ಉಬ್ಬುತಗ್ಗಿಗೆ ಬಗ್ಗುತ್ತೆ. ನಿಂತಲ್ಲೇ ತಿರುಗಿದರೆ ಮಣ್ಣು ಕಮಾನಿನ ಥರ ಎದ್ದು ಪಕ್ಕಕ್ಕೆ ಗುಡ್ಡೆ ಬೀಳುತ್ತೆ. ನ್ಯಾಮತಿಯವನ ಟ್ಯಾಂಕಿಗೆ ಭಾರವೇ ಇಲ್ಲ. ಅವನ ಬೇಸಿನ ಕೆಮ್ಮಣ್ಣಲ್ಲಿ ಒಂದು ಗುರುತೂ ಇಲ್ಲ, ಆಕಾಶದಿಂದ ಇಳಿಸಿದ ಹಂಗಿದೆ.

ನನ್ನದರ ಬಗ್ಗೆ ನನಗೆ ಭಾರೀ ಹೆಮ್ಮೆ ಇತ್ತು. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಮುಂದೆ ಬೇಕಾಗುತ್ತೆ.

ನನ್ನದೂ ಸೆಂಚೂರಿಯನ್. ಹೊನ್ನಾಳಿ ಅಂದರೆ ತುಂಗಭದ್ರೆ, ಗದ್ದೆ, ಬದು. ಟ್ಯಾಂಕನ್ನ ಒಂದು ಬದುವಿನ ಹಿಂದೆ ನಿಲ್ಲಿಸಿದ್ದೆ. ಮೂತಿ ಬದುವಿನ ಮೇಲಕ್ಕೆ ಎದ್ದಿದೆ, ಬಾಡಿ ಮರೆಯಲ್ಲಿದೆ, ಎದುರಿನವನಿಗೆ ಕಾಣೋದು ಮೇಲಿನ ಗೋಪುರ ಮಾತ್ರ. ಹಿಂಗೆ ನಿಂತಾಗ ಬಾಡಿ ಹಿಂದಕ್ಕೆ ವಾಲಿರೋದ್ರಿಂದ ಗನ್ ನೆಲಕ್ಕೆ ಸಮನಾಗಿ ನೋಡಬೇಕಂದ್ರೆ ಬಾಡಿಯ ಲೆಕ್ಕದಲ್ಲಿ ಅದು ಕೆಳಕ್ಕೆ ಬಗ್ಗಬೇಕು. ಸೆಂಚೂರಿಯನ್ ಗನ್ 10 ಡಿಗ್ರಿ ಬಗ್ಗುತ್ತೆ, ಟಿ-55ದು ಸುಮಾರು 5 ಮಾತ್ರ. ಅಂದರೆ ಇದೇ ಬದುವಿನ ಹಿಂದೆ ಚನ್ನಗಿರಿಯವನ ಟ್ಯಾಂಕ್ ನಿಂತರೆ ಗುರಿ ಇಡೋಕೆ ಇನ್ನೂ ಮೇಲಕ್ಕೆ ಬಂದು ಎದೆ ತೋರಿಸಬೇಕಾಗುತ್ತೆ. ಇಂಥ ಸಣ್ಣ ವ್ಯತ್ಯಾಸದಲ್ಲೇ ನಿಜವಾದ ಯುದ್ಧದಲ್ಲಿ ಜನ ಉಳಿದಿದಾರೆ, ಸತ್ತಿದಾರೆ. ಅದನ್ನ ನಾನು ಪ್ಲಾಸ್ಟಿಕ್‌ನಲ್ಲಿ ಹೇಳಿದೀನಿ ಅಂತ ನನ್ನ ಹೆಮ್ಮೆ. ಕೋನ ಅಲ್ಲಾಡಬಾರದು ಅಂತ ಗನ್ನನ್ನ ಕೊಂಚ ಬಲಕ್ಕೆ ತಿರುಗಿಸಿ, ತಗ್ಗಿಸಿ, ಫೆವಿಕ್ವಿಕ್ ಹಾಕಿ ಅಂಟಿಸಿಬಿಟ್ಟಿದ್ದೆ.

ಮೊದಲ ಏಟು ನ್ಯಾಮತಿಯವನಿಂದ ಬಿತ್ತು. "ಲೇ, ನಿನ್ನ ಟ್ಯಾಂಕು ಹೋದಲ್ಲೆಲ್ಲ ತನ್ನ ಬದು ತಾನೇ ಹೊತ್ಕೊಂಡು ಹೋಗುತ್ತಲ್ಲೋ!" ನಿಜ. ನಮ್ಮ ಆಟದಲ್ಲಿ ಯಾರಿಗೆ ಯಾರು ಕಾಣ್ತಾರೆ ಅನ್ನೋದನ್ನ ಟೇಬಲ್ ಮಟ್ಟಕ್ಕೆ ಕಣ್ಣಿಟ್ಟು ನೋಡೇ ತೀರ್ಮಾನ ಮಾಡೋದು. ಬೇಸಿಗೇ ಒಂದೂವರೆ ಸೆಂಟಿಮೀಟರ್ ಬದು ಕಟ್ಟಿಕೊಂಡರೆ ಬಯಲಲ್ಲಿ ನಿಂತರೂ ಮರೆ, ರಸ್ತೆ ಮೇಲೆ ನಿಂತರೂ ಮರೆ. ವಾರ್‌ಹ್ಯಾಮರ್ ಆಡೋರು ಇಂಥ ಕಳ್ಳಾಟಕ್ಕೆ 'ಮಾಡೆಲಿಂಗ್ ಫಾರ್ ಅಡ್ವಾಂಟೇಜ್' ಅಂತಾರೆ. ನಾನು ಕಳ್ಳಾಟಕ್ಕೆ ಮಾಡಿರಲಿಲ್ಲ. ಆದರೆ ಗಾಜಿನ ಪೆಟ್ಟಿಗೇಲಿ ಇಡೋ ದೃಶ್ಯ ಬೇರೆ, ಕೈಯಲ್ಲಿ ಎತ್ತಿ ಇಡೋ ಆಟದ ಕಾಯಿ ಬೇರೆ. ಕಾಯಿ ಹತ್ತು ಜಾಗದಲ್ಲಿ ನಿಲ್ಲಬೇಕು, ಒಂದೇ ಜಾಗದ ಕಥೆ ಅದಕ್ಕೆ ಅಂಟಿಸಬಾರದು. ಒಪ್ಪಿಕೊಂಡೆ. ಮುಖ ಸಣ್ಣಗಾಗಿತ್ತು ಅಂತ ಜಗಳೂರಿನವಳು ಆಮೇಲೆ ಹೇಳಿದಳು.

ಅವಳು ತಂದಿದ್ದು ಟ್ಯಾಂಕೇ ಅಲ್ಲ. ಒಂದು ಜೀಪು. ಮೂರೂಕಾಲು ಸೆಂಟಿಮೀಟರ್ ಉದ್ದದ ಜೀಪು, ಅದರ ಮೇಲೆ 106 ಎಂ.ಎಂ. ರಿಕಾಯ್ಲ್‌ಲೆಸ್ ಗನ್. 1965ರ ಸೆಪ್ಟೆಂಬರಲ್ಲಿ ಪಂಜಾಬಿನ ಅಸಲ್ ಉತ್ತರದಲ್ಲಿ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ನೀರು ಹಾಯಿಸಿದ ಹೊಲಗಳಲ್ಲಿ, ಆಳೆತ್ತರದ ಕಬ್ಬಿನ ಮಧ್ಯೆ ಸಿಕ್ಕಿಹಾಕ್ಕೊಂಡವಲ್ಲ, ಅಲ್ಲಿ 4 ಗ್ರೆನೇಡಿಯರ್ಸ್‌ನ ಅಬ್ದುಲ್ ಹಮೀದ್ ಹೋರಾಡಿದ್ದು ಇಂಥ ಜೀಪಿನಿಂದ. ಸತ್ತ ಮೇಲೆ ಪರಮವೀರ ಚಕ್ರ ಬಂತು. ಸಿನಿಮಾದವರಾಗಿದ್ದರೆ ಜೀಪನ್ನ ಬಯಲಲ್ಲಿ ಓಡಿಸಿ, ಗನ್ನಿಂದ ಬೆಂಕಿ ಉಗುಳಿಸ್ತಿದ್ರು. ಇವಳು ಮಾಡಿದ್ದು ನೋಡಿ. ಕಸಬರಿಗೆ ಕಡ್ಡೀನ ಎರಡೂವರೆ, ಮೂರು ಸೆಂಟಿಮೀಟರಿಗೆ ಕತ್ತರಿಸಿ ಕಬ್ಬು ಮಾಡಿದಾಳೆ. ಅದರ ಅಂಚಲ್ಲಿ ಜೀಪು ಅರ್ಧ ಅಡಗಿದೆ. ಗಾಜು ಮಡಚಿದೆ. ಗನ್ನಿನ ಬಾಯಿ ಮಾತ್ರ ಕಡ್ಡಿಗಳಾಚೆ. ಜೀಪಿನ ಹಿಂದೆ ಕಡ್ಡಿಗಳನ್ನ ನೆಲಕ್ಕೆ ಮಲಗಿಸಿದಾಳೆ, ಯಾಕಂದ್ರೆ ಈ ಗನ್ನಿನ ಬೆಂಕಿ ಹಿಂದಕ್ಕೂ ಹೊಡೆಯುತ್ತೆ. ಅದಕ್ಕೇ ಅದು ಒದೆಯಲ್ಲ, ಅದಕ್ಕೇ ಪುಟ್ಟ ಜೀಪಿನ ಮೇಲೆ ಕೂರುತ್ತೆ. ಒಂದು ಗುಂಡು ಹೊಡೆದರೆ ಹಿಂದೆ ಎದ್ದ ಧೂಳಿಂದ ಇದೆಲ್ಲಿದೆ ಅಂತ ಊರಿಗೆಲ್ಲ ಗೊತ್ತಾಗುತ್ತೆ. ಆದ್ದರಿಂದ ಹೊಡೆದ ತಕ್ಷಣ ಜಾಗ ಬಿಡಬೇಕು.

ಅದಕ್ಕೆ ಅವಳು ಮುಂದಿನ ಚಕ್ರ ಎರಡನ್ನೂ ಎಡಕ್ಕೆ ತಿರುಗಿಸಿದಾಳೆ. ಡ್ರೈವರ್ ಮುಂದೆ ನೋಡ್ತಿಲ್ಲ, ಕತ್ತು ತಿರುಗಿಸಿ ಗನ್ ಹಿಡಿದವನನ್ನ ನೋಡ್ತಿದಾನೆ: ಆಯ್ತಾ? ಹೋಗೋಣ್ವಾ? ಇಷ್ಟೇ. ಹೊಡೆದಿರೋದನ್ನ ತೋರಿಸಿಲ್ಲ, ಹೊಡೆದ ಮೇಲಿನ ಗಾಬರಿಯನ್ನ ಚಕ್ರದಲ್ಲಿ ಇಟ್ಟಿದಾಳೆ. ಆವತ್ತಿನ ನಾಲ್ಕರಲ್ಲಿ ಇದೇ ಒಳ್ಳೇದು, ನನ್ನದಕ್ಕಿಂತ ಬಹಳ ಒಳ್ಳೇದು. ತಪ್ಪು ಹುಡುಕಲೇಬೇಕು ಅಂದರೆ ಮಣ್ಣು. ಜಗಳೂರಿನ ಮಣ್ಣು ಒಣಗಿ ಬಿರುಕು ಬಿಟ್ಟ ಹಂಗೇ ಅಂಟಿಸಿದಾಳೆ. ಅಸಲ್ ಉತ್ತರದಲ್ಲಿ ಕೆಸರೇ ಕಥೆ. "ನಮ್ಮೂರಲ್ಲಿ ಕೆಸರು ಎಲ್ಲಿಂದ ತರ್ಲೋ?" ಅಂದಳು. ಷರತ್ತು ಹಾಕಿದವನು ನಾನೇ, ಸುಮ್ಮನಾದೆ.

ಮಧ್ಯಾಹ್ನ ಹೋಳಿಗೆ ಊಟ ಆದ ಮೇಲೆ ದೊಡ್ಡಪ್ಪ ಬಂದರು. ನ್ಯಾಮತಿ ಹತ್ತಿರದ ಹಳ್ಳಿ, ಅಪ್ಪನ ಅಣ್ಣ. ಸೇನೇಲಿ ಟ್ಯಾಂಕ್ ಡ್ರೈವರ್ ಆಗಿದ್ದವರು. 71ರಲ್ಲಿ ಪಂಜಾಬ್ ಕಡೆ ಇದ್ದರು ಅನ್ನೋದರಾಚೆ ಮನೇಲಿ ಯಾರಿಗೂ ಏನೂ ಗೊತ್ತಿಲ್ಲ. ಕೇಳಿದರೆ ಚಳಿ ಭಾಳ ಇತ್ತು ಅಂತಾರೆ, ಚಹಾ ಚೆನ್ನಾಗಿತ್ತು ಅಂತಾರೆ, ಅಲ್ಲಿಗೆ ಮುಗೀತು. ನಾನು ಈ ಆಟ ಆಡ್ತೀನಿ ಅನ್ನೋದನ್ನ ಅವರಿಗೆ ಹೇಳೋಕೆ ಐದು ವರ್ಷದಿಂದ ಒಂಥರಾ ಹಿಂಜರಿಕೆ. ಯಾರದೋ ಬದುಕನ್ನ ನಾವು ದಾಳ ಹಾಕಿ ಆಡ್ತಿದೀವಿ ಅನ್ನಿಸಿಬಿಟ್ಟರೆ? ಟೇಬಲ್ ಮುಚ್ಚೋಣ ಅನ್ಕೊಳ್ಳೋಷ್ಟರಲ್ಲಿ ಅವರು ಕನ್ನಡಕ ಹಾಕ್ಕೊಂಡು ಬಗ್ಗಿ ನೋಡ್ತಾ ಇದ್ದರು.

ಚನ್ನಗಿರಿಯವನದ್ದನ್ನ ನೋಡಿ, "ಪೇಂಟ್ ಚಲೋ ಐತಿ" ಅಂದರು. ನ್ಯಾಮತಿಯವನ ನೆಗೆಯೋ ಟ್ಯಾಂಕ್ ನೋಡಿ ನಕ್ಕುಬಿಟ್ಟರು. "ಹಿಂಗ್ ಇಳಿಸಿದ್ರೆ ಒಳಗಿರೋರ ಹಲ್ಲು ಉಳಿಯಲ್ಲಪ್ಪ." ಜೀಪನ್ನ ಬಹಳ ಹೊತ್ತು ನೋಡಿದರು. ಹಿಂದೆ ಮಲಗಿಸಿದ ಕಡ್ಡಿ ಮೇಲೆ ಬೆರಳಾಡಿಸಿ, "ಹಿಂದೆ ಯಾರೂ ನಿಂತಿಲ್ಲ ತಾನೇ ತಾಯಿ?" ಅಂತ ಜಗಳೂರಿನವಳನ್ನ ಕೇಳಿದರು. ಆಟಕ್ಕೆ ಕೇಳಿದ್ದಲ್ಲ. ಅವಳು ಇಲ್ಲ ಅಜ್ಜಾರೇ ಅಂದಳು.

ಆಮೇಲೆ ನನ್ನದು ಎತ್ಕೊಂಡರು. ಗನ್ ಬಿಟ್ಟು ಏಳೂವರೆ ಸೆಂಟಿಮೀಟರ್, ಅವರ ಅಂಗೈಯಲ್ಲಿ ಹಿಡಿಸಿತು. ಇದು ಅವರು ಓಡಿಸಿದ ಗಾಡೀನೇ ಅಂತ ನನಗೆ ಗೊತ್ತಿರಲಿಲ್ಲ. ಹೆಬ್ಬೆರಳಲ್ಲಿ ಗೋಪುರ ತಿರುಗಿಸೋಕೆ ನೋಡಿದರು. ಬರಲಿಲ್ಲ.

"ಇದು ತಿರುಗಲ್ವಾ?"

"ಅಂಟಿಸಿಬಿಟ್ಟಿದೀನಿ ದೊಡ್ಡಪ್ಪ. ಬದುವಿನ ಹಿಂದೆ ನಿಂತಾಗ ಗನ್ ಹಿಂಗೇ ಬಗ್ಗಿರುತ್ತೆ ಅಲ್ವಾ, ಅದಕ್ಕೆ."

"ಬಗ್ಗಿರ್ತೈತಿ. ಸರಿ ಐತಿ." ಉಗುರಿನ ತುದೀನ ಮುಂದಿನ ಬಲಭಾಗದಲ್ಲಿ, ಗನ್ನಿನ ಕೆಳಗೆ ಇಟ್ಟರು. "ಡ್ರೈವರ್ ಇಲ್ಲಿರ್ತಾನೆ. ಗನ್ ಅವನ ಮುಚ್ಚಳದ ಮೇಲೇ ಬಂದು ಕೂತೈತಿ. ಗಾಡಿಗೆ ಬೆಂಕಿ ಬಿತ್ತು ಅನ್ಕೋ. ಮೇಲಿನ ಮೂರು ಜನ ಹಾರ್ಕೋತಾರೆ. ಡ್ರೈವರ್ ಹೊರಗೆ ಹೆಂಗೆ ಬರ್ತಾನೆ?"

ನನಗೆ ಉತ್ತರ ಹೊಳೀಲಿಲ್ಲ. ಅವರಿಗೂ ಉತ್ತರ ಬೇಕಿದ್ದ ಹಾಗೆ ಕಾಣಲಿಲ್ಲ. ಟ್ಯಾಂಕನ್ನ ಹಸಿರು ಬಟ್ಟೆ ಮೇಲೆ ಮೆತ್ತಗೆ ಇಟ್ಟು, ಕೈ ತೊಳೆಯೋಕೆ ಅಂತ ಹಿತ್ತಲಿಗೆ ಹೋದರು. ವಾಪಸ್ ಬರೋಕೆ ತುಂಬ ಹೊತ್ತಾಯ್ತು. ದೊಡ್ಡಮ್ಮ ಹೋಗಿ ಕರ್ಕೊಂಡು ಬಂದರು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಉಳಿದವರ ಭಂಗಿಯಲ್ಲಿ ನೆಲ ಇಲ್ಲ, ಭಾರ ಇಲ್ಲ ಅಂತ ದೊಡ್ಡದಾಗಿ ಹೇಳಿದ್ದೆನಲ್ಲ, ನನ್ನದರಲ್ಲಿ ಆಳೇ ಇರಲಿಲ್ಲ. ನಾವು ಟೇಬಲ್ ಮೇಲಿಂದ, ಹದ್ದಿನ ಥರ ನೋಡ್ತೀವಿ. ಮೇಲಿಂದ ಕಾಣೋದು ಕಮಾಂಡರ್ ಒಬ್ಬನೇ, ಹಾಗಾಗಿ ಪೆಟ್ಟಿಗೇಲಿ ಅರ್ಧ ಮೈಯ ಕಮಾಂಡರ್ ಬೊಂಬೆ ಕೊಡ್ತಾರೆ. ಗನ್ನರ್, ಲೋಡರ್, ಡ್ರೈವರ್ ಯಾರಿಗೂ ಬೇಡ. ಜಗಳೂರಿನವಳ ಜೀಪು ಯಾಕೆ ಚೆನ್ನಾಗಿತ್ತು ಅನ್ನೋದಕ್ಕೆ ನಾನು ಚಕ್ರ, ಕಡ್ಡಿ ಅಂತ ಏನೇನೋ ಕಾರಣ ಕೊಟ್ಟೆ. ಅವಳು ಶುರು ಮಾಡಿದ್ದೇ ಡ್ರೈವರ್ ಕತ್ತಿನಿಂದ ಅಂತ ಮರುದಿನ ಕೇಳಿದಾಗ ಗೊತ್ತಾಯ್ತು.

ಬೆಂಗಳೂರಿಗೆ ಬಂದ ಮೇಲೆ ಫೆವಿಕ್ವಿಕ್ ಬಿಡಿಸೋಕೆ ಎರಡು ಸಂಜೆ ಹಿಡೀತು. ಗೋಪುರದ ಕೆಳಗೆ ಪುಟ್ಟ ಅಯಸ್ಕಾಂತ ಹಾಕಿದೆ, ಈಗ ಸುತ್ತಲೂ ತಿರುಗುತ್ತೆ. ಬದು ಕಿತ್ತು ಹಾಕಿದೆ. ಬ್ಲೇಡಲ್ಲಿ ಡ್ರೈವರ್ ಮುಚ್ಚಳ ಕೊರೆದು, ಎರಡೂ ರೆಕ್ಕೆಗಳನ್ನ ತೆರೆದು ಅಂಟಿಸಿ, ಒಳಗೆ ಎರಡು ಮಿಲಿಮೀಟರಿನ ಒಂದು ತಲೆ ಕೂರಿಸಿದೆ. ಬಣ್ಣ ಹಚ್ಚುವಾಗ ಉಸಿರು ಹಿಡಿದು ಒಂದು ಮೀಸೇನೂ ಬರೆದೆ. ಸಂಕ್ರಾಂತಿಗೆ ಊರಿಗೆ ಹೋದಾಗ ಜೇಬಲ್ಲಿ ಹಾಕ್ಕೊಂಡು ದೊಡ್ಡಪ್ಪನ ಮನೆಗೆ ಹೋದೆ.

ಅವರು ಅಡಿಕೆ ಕತ್ತರಿಸ್ತಾ ಕೂತಿದ್ದರು. ಟ್ಯಾಂಕ್ ತಗೊಂಡು ಮೊದಲು ಗೋಪುರವನ್ನ ಅರ್ಧ ಸುತ್ತು ತಿರುಗಿಸಿ ಗನ್ನನ್ನ ಪೂರ್ತಿ ಹಿಂದಕ್ಕೆ, ಇಂಜಿನ್ ಮೇಲಕ್ಕೆ ತಂದರು. ದೂರದ ದಾರಿ ಹೋಗುವಾಗ ಗನ್ನನ್ನ ಹಿಂಗೆ ಹಿಂದಕ್ಕೆ ಹಾಕಿ ಕಟ್ಟುತ್ತಿದ್ದರಂತೆ. "ವಾಪಸ್ ಬರುವಾಗ ಹಿಂಗಿತ್ತು. ಅಮೃತಸರದ ಕಡೆ ರಸ್ತೆ ಬದೀಲಿ ಜನ ನಿಂತು ರೊಟ್ಟಿ ಕೊಡ್ತಿದ್ರು, ಕೈ ಚಾಚಿದ್ರೆ ನಂಗೇ ಮೊದ್ಲು ಸಿಗ್ತಿತ್ತು" ಅಂದರು. ಐವತ್ತು ವರ್ಷದಲ್ಲಿ ಮನೆಯವರು ಕೇಳಿದ ಮೂರನೇ ವಾಕ್ಯ ಅದು. ಆಮೇಲೆ ಕನ್ನಡಕ ಸರಿ ಮಾಡ್ಕೊಂಡು ಆ ತಲೆಯನ್ನ ಬೆಳಕಿಗೆ ಹಿಡಿದು ನೋಡಿದರು.

"ಯಾರೋ ಇವನು?"

"ನೀವೇ ದೊಡ್ಡಪ್ಪ."

"ನಂಗೆ ಆಗ ಇನ್ನೂ ಮೀಸೆ ಬಂದಿರ್ಲಿಲ್ಲಲೇ" ಅಂದರು.